ಜಲಪಾತದ ದಾರಿಯಲ್ಲಿ ಗುರುತಿನ ಚೀಟಿ ಕೇಳಿದರೆ ತಪ್ಪೇನು?

ಹವಾಯಿಯ ಕವಾಯಿ ದ್ವೀಪದಲ್ಲಿ ಹನಕಾಪಿಯಾಯಿ ಜಲಪಾತ ನೋಡಬೇಕಂದ್ರೆ ಚಾರಣ ಶುರುವಾಗೋದು ಮೊಬೈಲ್‌ನಲ್ಲಿ. ದಾರಿ ಹೊರಡುವ ಹಾಎನಾ ಸ್ಟೇಟ್ ಪಾರ್ಕ್‌ಗೆ ದಿನಕ್ಕೆ 900 ಪ್ರವಾಸಿಗರಷ್ಟೇ. 30 ದಿನ ಮುಂಚೆ ತೆರೆಯುವ ಬುಕಿಂಗ್ ಬೇಗ ಮುಗಿದುಹೋಗುತ್ತೆ. ಹವಾಯಿಯವರಾದರೆ ಗುರುತಿನ ಚೀಟಿ ಸಾಕು. ಬುಕಿಂಗೂ ಬೇಡ, ಶುಲ್ಕವೂ ಬೇಡ.

ಕ್ಯಾಲಿಫೋರ್ನಿಯಾದಲ್ಲಿರುವ ಅಕ್ಕನ ಮನೆಯವರ ಜೊತೆ ನಾನು, ಅಮ್ಮ ಹೋಗಿದ್ದಾಗ ಭಾವನಿಗೆ ಇದು ಸರಿಬರಲಿಲ್ಲ. "ನಾವೂ ಟ್ಯಾಕ್ಸ್ ಕಟ್ತೀವಲ್ಲ, ಇವರಿಗ್ಯಾಕೆ ಬೇರೆ ರೂಲ್ಸು?" ಅಂದ್ರು. ಪ್ರಶ್ನೆ ಸಹಜ. ಆದರೆ ಉತ್ತರ ಟ್ಯಾಕ್ಸ್‌ನಲ್ಲಿಲ್ಲ, ಇತಿಹಾಸದಲ್ಲಿದೆ. 1893ರಲ್ಲಿ ಅಮೆರಿಕದ ವ್ಯಾಪಾರಿ ಹಿತಾಸಕ್ತಿಗಳು ಹವಾಯಿಯ ರಾಣಿಯನ್ನು ಕೆಳಗಿಳಿಸಿದವು. 1898ರಲ್ಲಿ ದ್ವೀಪಗಳು ಅಮೆರಿಕಕ್ಕೆ ಸೇರಿಹೋದವು. 1993ರಲ್ಲಿ ಅಮೆರಿಕದ ಸಂಸತ್ತು ಕ್ಷಮೆ ಕೇಳಿತು, ನೆಲ ಮಾತ್ರ ಹಿಂದಿರುಗಲಿಲ್ಲ. 2020ರ ಜನಗಣತಿ ಪ್ರಕಾರ ಮೂಲ ಹವಾಯಿಗರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹವಾಯಿಯ ಹೊರಗಿದ್ದಾರೆ. ಮನೆಯ ಬೆಲೆ ಹಾಗಿದೆ. ಇದೇ ಕವಾಯಿಯಲ್ಲಿ ಮಾರ್ಕ್ ಜುಕರ್‌ಬರ್ಗ್ ಅವರದ್ದು ಸಾವಿರ ಎಕರೆಗೂ ಮೀರಿದ ಆಸ್ತಿ.

ಈ ಮಿತಿ ಬಂದ ಬಗೆಯೂ ಸ್ವಾರಸ್ಯದ್ದು. 2018ರ ಏಪ್ರಿಲ್‌ನಲ್ಲಿ ಈ ಕರಾವಳಿಯಲ್ಲಿ 24 ಗಂಟೆಗೆ 1,262 ಮಿಲಿಮೀಟರ್ ಮಳೆ ಸುರಿಯಿತು. ಅಮೆರಿಕಕ್ಕೇ ದಾಖಲೆ. ರಸ್ತೆ ಕುಸಿದು ಪಾರ್ಕ್ ಹದಿನಾಲ್ಕು ತಿಂಗಳು ಮುಚ್ಚಿತ್ತು. ಅದಕ್ಕೆ ಮೊದಲು ದಿನಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ನುಗ್ಗುತ್ತಿದ್ದ ಜಾಗ ಉಸಿರಾಡಿತು. 2019ರ ಜೂನ್‌ನಲ್ಲಿ ತೆರೆದಾಗ ಮಿತಿ ಜೊತೆಗೇ ಬಂತು. ಪಾರ್ಕಿಂಗ್, ಬಸ್ಸು ನೋಡಿಕೊಳ್ಳುವುದರಲ್ಲಿ ಊರಿನವರದೇ ಸಂಘವಿದೆ. ಅದೇ ಸಂಘ ಹಳೆಯ ಗದ್ದೆಗಳನ್ನೂ ಮತ್ತೆ ಎಬ್ಬಿಸಿದೆ.

ಆ ಗದ್ದೆಗಳಲ್ಲಿರೋದು ಕೆಸು. ಅಮ್ಮ ಕಾಲುದಾರಿಯಲ್ಲೇ ನಿಂತುಬಿಟ್ಟಳು: "ನಮ್ ಕೆಸುವಿನೆಲೆ ಅಲ್ವೇನೋ ಇದು? ಪತ್ರೊಡೆ ಮಾಡ್ತಾರಾ ಇವ್ರು?" ಪತ್ರೊಡೆ ಮಾಡಲ್ಲ, ಗಡ್ಡೆ ಬೇಯಿಸಿ ಕುಟ್ಟಿ 'ಪೋಯಿ' ಮಾಡ್ತಾರೆ. ಹವಾಯಿಗರ ಮೂಲಕಥೆಯಲ್ಲಿ ಕೆಸು ಮನುಷ್ಯನ ಅಣ್ಣ. ಅಣ್ಣನ ಗದ್ದೆ ದಾಟುವಾಗ ಯಾರು ನೀನು ಅಂತ ಕೇಳಿದರೆ ಅವಮಾನವೇನೂ ಅಲ್ಲ ಅಂತ ನನಗನ್ನಿಸ್ತು.

ದಾರಿ ಹೋಗಿಬರಲು ಸುಮಾರು 13 ಕಿಲೋಮೀಟರ್, ಕೆಸರು. ಅಮ್ಮ, ಅಕ್ಕ ಅರ್ಧದಾರಿಯ ಕಡಲತೀರದಲ್ಲೇ ಕೂತರು. ತೊರೆಗೆ ಸೇತುವೆ ಇಲ್ಲ. ಮೇಲೆ ಮಳೆಯಾದರೆ ನೀರು ನಿಮಿಷಗಳಲ್ಲಿ ಏರುತ್ತೆ. ಜಲಪಾತ ಚೆನ್ನಾಗಿದೆ, ಫೋಟೋ ನೀವೂ ನೋಡಿರ್ತೀರಿ.

2026ರ ಜನವರಿಯಿಂದ ಹವಾಯಿ ಹೋಟೆಲ್ ತೆರಿಗೆಯನ್ನೂ ಶೇಕಡಾ 0.75ರಷ್ಟು ಏರಿಸಿದೆ. ವರ್ಷಕ್ಕೆ ಸುಮಾರು 10 ಕೋಟಿ ಡಾಲರ್ ಪರಿಸರಕ್ಕೆ, ಹವಾಮಾನ ವಿಪತ್ತಿನ ಸಿದ್ಧತೆಗೆ ಸಿಗುವ ನಿರೀಕ್ಷೆಯಿದೆ. ಪ್ರವಾಸಿ ದೇವರಲ್ಲ, ಬಾಡಿಗೆದಾರ ಎಂಬ ಲೆಕ್ಕಾಚಾರ ಇದು.

ನಮ್ಮಲ್ಲೂ 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಜನಸಾಗರ ನುಗ್ಗಿದ ಮೇಲೆ ಆನ್‌ಲೈನ್ ಬುಕಿಂಗ್, ಒಂದು ಹಾದಿಗೆ ದಿನಕ್ಕೆ 300 ಜನ ಅಂತ ಮಿತಿ ಬಂತು. ಒಳ್ಳೇದೇ. ಆದರೆ ಆ ಸಂಖ್ಯೆ ನಿರ್ಧರಿಸುವಲ್ಲಿ, ಬಂದ ಹಣದಲ್ಲಿ ಕಾಡಂಚಿನ ಊರಿನವರ ಪಾಲೇನು? ಬೆಂಗಳೂರಿನ ಟ್ರೆಕ್ಕಿಂಗ್ ಗುಂಪುಗಳಲ್ಲಿ ನಾನು ಕೇಳಿದ ದೂರು ಮಾತ್ರ ಒಂದೇ: ವೆಬ್‌ಸೈಟ್ ಓಪನ್ ಆಗ್ತಿಲ್ಲ.