85 ದಿನದ ಸೋಯಾ

ಜಬಲ್‌ಪುರದ ಕೃಷಿ ವಿಶ್ವವಿದ್ಯಾಲಯದ ಸೋಯಾ ತಳಿ ಜೆಎಸ್ 95-60 ಸುಮಾರು 85 ದಿನಕ್ಕೇ ಕೊಯ್ಲಿಗೆ ಬರುತ್ತದೆ. ಹಳೆಯ ಜೆಎಸ್ 335ಕ್ಕಿಂತ ಹತ್ತು ಹದಿನೈದು ದಿನ ಮೊದಲು. ಬೀದರಿನ ರೈತನಿಗೆ ಅಷ್ಟು ದಿನವೇ ದೊಡ್ಡದು: ನೆಲದ ಹಸಿ ಆರುವ ಮುನ್ನ ಕಡಲೆ ಬಿತ್ತಬಹುದು.

ತೊಡಕು ಕೊಯ್ಲಿನದು. ಜೂನ್ ನಡುವೆ ಬಿತ್ತಿದ್ದು ಸೆಪ್ಟೆಂಬರ್ ನಡುವೆ, ಮಳೆ ಇನ್ನೂ ಬಿಡದಿರುವಾಗಲೇ ಮಾಗುತ್ತದೆ. ಹೊಲದಲ್ಲೇ ಬಿಟ್ಟರೆ ಕಾಯಿ ಸಿಡಿಯುತ್ತದೆ, ನೆನೆದರೆ ಕಾಳು ಕಪ್ಪಾಗುತ್ತದೆ. ದೆಹಲಿ 2025-26ಕ್ಕೆ ಕ್ವಿಂಟಲಿಗೆ 5,328 ರೂಪಾಯಿ ಬೆಂಬಲ ಬೆಲೆ ಘೋಷಿಸಿತು, ಸರಿ. ಆದರೆ ಆ ಬೆಲೆಗೆ ಕೊಳ್ಳುವ ಕಾಳಿನ ತೇವಾಂಶ ಶೇ 12 ಮೀರಬಾರದೆಂಬುದು ನಿಯಮ. ಒಣಗಿಸಲು ರೈತನಿಗಿರುವುದು ಬಿಸಿಲೊಂದೇ, ಅದೂ ಮೋಡದ ಮರೆಯಲ್ಲಿ! ತಳಿ ಕೊಟ್ಟ ವಿಜ್ಞಾನಿಗಳನ್ನು ದೂರಲಾರೆ. ದೆಹಲಿಯ ಕೃಷಿ ಭವನ ಹೋಬಳಿಗೊಂದು ಒಣಗಿಸುವ ಯಂತ್ರಕ್ಕೆ ದುಡ್ಡು ಕೊಡಲಿ, ಖರೀದಿ ಕೇಂದ್ರಗಳನ್ನು ಸೆಪ್ಟೆಂಬರಿನಲ್ಲೇ ತೆರೆಸಲಿ.