ಒಣ ಬೆಟ್ಟಕ್ಕೂ ಬಣ್ಣವಿದೆ, ಸ್ವಾಮಿ

ದೆಹಲಿ ಸುತ್ತಮುತ್ತಲಿನ ಕನ್ನಡಿಗರ ಮನೆಗಳ ಗೋಡೆ ನೋಡಿ. ತೈಲಚಿತ್ರವಿದ್ದರೆ ಒಂದೋ ಹಸಿರು ಉಕ್ಕುವ ಮಲೆನಾಡು, ಇಲ್ಲವೇ ಲಡಾಖ್: ನೀಲಿ ಸರೋವರ, ಹಿಂದೆ ಬೋಳು ಬೆಟ್ಟ. ಲಡಾಖಿಗೆ ಕಾಲಿಡದವರೂ ಫೋಟೋ ನೋಡಿಕೊಂಡು ಅದನ್ನು ಬರೀತಾರೆ. ಲಡಾಖಿನ ಮೇಲೆ ನನಗೇನೂ ಸಿಟ್ಟಿಲ್ಲ. ಮರುಭೂಮಿಯ ಬೆಟ್ಟ ಬರೆಯುವ ಆಸೆಯಿದ್ದವರಿಗೆ ಮನೆ ಹಿಂದಿನ ಅರಾವಳಿ ಯಾಕೆ ಕಾಣಿಸೋದಿಲ್ಲ ಅನ್ನೋದೇ ನನ್ನ ತಕರಾರು.

"ಅದೂ ಒಂದು ಬೆಟ್ಟವೇನ್ರೀ? ಬರೀ ಕಲ್ಲು, ಧೂಳು, ಮುಳ್ಳು" ಅಂತಾರೆ. ಗುಜರಾತಿನಿಂದ ದೆಹಲಿಯವರೆಗೆ ಸುಮಾರು 700 ಕಿ.ಮೀ. ಹಬ್ಬಿದ ಸಾಲಿಗೆ ಈ ಮಾತು! ರಾಷ್ಟ್ರಪತಿ ಭವನ ಕೂತಿರುವ ರೈಸಿನಾ ಗುಡ್ಡವೂ ಅದರ ಬಾಲವೇ. ಆ ಮುಳ್ಳೂ ಅಷ್ಟೆ, ಇಲ್ಲಿನವರು ವಿಲಾಯತಿ ಕೀಕರ್ ಅನ್ನುವುದು ನಮ್ಮ ಬಳ್ಳಾರಿ ಜಾಲಿಯನ್ನೇ.

ಬಣ್ಣ ಬೇಕೇ? ಫರೀದಾಬಾದ್ ಪಕ್ಕದ ಮಾಂಗರ್ ಬನಿಗೆ ಹೋಗಿ. ಊರವರು ದೇವರ ಕಾಡೆಂದು ಕಾದುಕೊಂಡ ಧೌ ಮರಗಳಿವೆ, ನಮ್ಮ ದಿಂಡಿಗದ ದಾಯಾದಿಗಳು. ಬೆಳಿಗ್ಗೆ ಬೂದಿಯಂತಿರುವ ಬಂಡೆ ಸಂಜೆಗೆ ತುಕ್ಕುಗೆಂಪಾಗುತ್ತೆ. ಲಡಾಖಿನ ತೆಳುಗಾಳಿಯಲ್ಲಿ ದೂರದ ಬೆಟ್ಟವೂ ಚೂಪಾಗಿ ಕಾಣುತ್ತೆ. ಇಲ್ಲಿ ಮೇ ತಿಂಗಳ ಧೂಳಲ್ಲಿ ಅದು ಮಾಸಲು ಹಳದಿಗೆ ಕರಗುತ್ತೆ. ದೂರದ್ದೆಲ್ಲ ನೀಲಿ ಅನ್ನುವ ಕ್ಲಾಸಿನ ಪಾಠ ಇಲ್ಲಿ ನಡೆಯೋದಿಲ್ಲ. ನಿಧಾನವಾಗಿ ಒಣಗುವ ಎಣ್ಣೆಬಣ್ಣ ಇಂಥದ್ದಕ್ಕೇ ಹೇಳಿ ಮಾಡಿಸಿದ್ದು. ಬೂದಿಗೆ ಕಾವಿ, ಕಾವಿಗೆ ಬಿಳಿ ಅಂತ ಹಸಿಯಿದ್ದಾಗಲೇ ಬೆರೆಸುತ್ತಾ ಹೋಗಬಹುದು. ಆದರೆ ಎದುರಿಗೆ ಕೂತು ನೋಡಬೇಕು.

ನಿಕೊಲಾಯ್ ರೋರಿಕ್ 1920ರ ದಶಕದಲ್ಲಿ ಲಡಾಖ್, ಗೋಬಿಗಳನ್ನು ಅಲೆದು, ನೋಡಿ ಬರೆದವರು. ಅವರು ಹೆಚ್ಚಾಗಿ ಬಳಸಿದ್ದು ಟೆಂಪೆರಾ, ಎಣ್ಣೆಬಣ್ಣವಲ್ಲ. ಮಗ ಸ್ವೆಟೊಸ್ಲಾವ್ 1993ರಲ್ಲಿ ತೀರಿಕೊಳ್ಳುವವರೆಗೂ ನಮ್ಮವರೇ, ಕನಕಪುರ ರಸ್ತೆಯ ತಾತಗುಣಿಯವರು. ಚಿತ್ರಕಲಾ ಪರಿಷತ್ತಿನಲ್ಲಿ ಅಪ್ಪ-ಮಗನ ಚಿತ್ರಗಳ ಮುಂದೆ ನಿಂತು ಬಂದವರು ಅವರ ನೀಲಿಯನ್ನು ಎರವಲು ತಂದರು, ಅಲೆದಾಟವನ್ನು ಅಲ್ಲೇ ಬಿಟ್ಟರು.

ಇದರಲ್ಲೇನು ನಷ್ಟ ಅಂತೀರಾ? 2009ರಲ್ಲಿ ಸುಪ್ರೀಂ ಕೋರ್ಟು ಗುಡಗಾಂವ್, ಫರೀದಾಬಾದ್, ಮೇವಾತ್‌ಗಳ ಅರಾವಳಿಯಲ್ಲಿ ಗಣಿಗಾರಿಕೆ ನಿಲ್ಲಿಸಬೇಕಾಯಿತು. 2025ರ ನವೆಂಬರಿನಲ್ಲಿ, ಸುತ್ತಲ ನೆಲಕ್ಕಿಂತ 100 ಮೀಟರ್ ಎತ್ತರವಿದ್ದರೆ ಮಾತ್ರ ಅರಾವಳಿ ಬೆಟ್ಟ ಅನ್ನುವ ವ್ಯಾಖ್ಯೆಯನ್ನು ಅದೇ ಕೋರ್ಟು ಒಪ್ಪಿತು. ಗದ್ದಲವೆದ್ದ ಮೇಲೆ ಡಿಸೆಂಬರಿನಲ್ಲಿ ತಾನೇ ತಡೆಹಿಡಿಯಿತು. ಜನ ಕಣ್ಣಲ್ಲೇ ಬೆಟ್ಟವೆಂದು ಒಪ್ಪದ್ದನ್ನು ಕಾಗದದಲ್ಲಿ ಅಳಿಸುವುದು ಎಷ್ಟು ಹೊತ್ತು? ಚಿತ್ರ ಬರೆದರೆ ಜೆಸಿಬಿ ನಿಲ್ಲುತ್ತಾ ಅಂತ ಕೇಳಬೇಡಿ, ನಿಲ್ಲೋದಿಲ್ಲ. ಆದರೆ ತಿಂಗಳುಗಟ್ಟಲೆ ಒಂದು ಗುಡ್ಡದ ನೆರಳು ಅಳೆದವನು ಅದನ್ನು ಬಂಜರು ಅನ್ನಲಾರ.

ಊರಲ್ಲಿ ಕೂತು ನಗಬೇಡಿ. ಬಳ್ಳಾರಿಯ ಕೆಂಪು ಗುಡ್ಡಗಳನ್ನು ಎಷ್ಟು ಕ್ಯಾನ್ವಾಸಿನಲ್ಲಿ ಕಂಡಿದ್ದೀರಿ? ಅವನ್ನೂ ಅಗೆಯಬಿಟ್ಟು, 2011ರಲ್ಲಿ ಕೋರ್ಟೇ ಬಂದು ನಿಲ್ಲಿಸುವ ತನಕ ಸುಮ್ಮನಿದ್ದೆವಲ್ಲ. ಹಸಿರಿದ್ದರಷ್ಟೇ ಬೆಟ್ಟ ಅನ್ನುವ ಈ ಮಲೆನಾಡಿನ ಕನ್ನಡಕವನ್ನು ನಾವು ದೆಹಲಿಗೆ ತಂದದ್ದೇ ನಿಮ್ಮಿಂದ.