ಬೇಡವೆಂದವರೇ ಬೇಕೆಂದರು

ಬರುಬರುತ್ತಾ ರಾಯರ ಕುದುರೆ ಕತ್ತೆಯಾಯಿತು ಎಂಬ ಗಾದೆ ಟೀವಿ ಧಾರಾವಾಹಿಗಳಿಗೆಂದೇ ಹುಟ್ಟಿದಂತಿದೆ. ಮೊದಲ ಹತ್ತು ಕಂತು ನಾಗಾಲೋಟ, ಆಮೇಲೆ ಕುಂಟುನಡಿಗೆ, ಕೊನೆಗೆ ಬರೀ ಎಳೆದಾಟ. ಈ ಗಾದೆಯನ್ನು ತಲೆಕೆಳಗು ಮಾಡಿದ ಸರಣಿಯೊಂದು ಅಮೆರಿಕದಲ್ಲಿದೆ. ಹೆಸರು ‘ಸ್ಟಾರ್ ವಾರ್ಸ್: ದಿ ಕ್ಲೋನ್ ವಾರ್ಸ್’. 2008ರಲ್ಲಿ ಕತ್ತೆ ಎಂದು ಹೀಗಳೆದ ಪ್ರೇಕ್ಷಕರೇ 2013ರಲ್ಲಿ ‘ನಮ್ಮ ಕುದುರೆ ಎಲ್ಲಿ?’ ಎಂದು ಕೂಗಾಡಿದರು. ಕಾರ್ಟೂನಿಗೆ ಇಷ್ಟೊಂದು ರಂಪವೇ ಎಂದು ಕೇಳಬಹುದು. ಆದರೆ ಪ್ರೇಕ್ಷಕರ ಅಭಿಪ್ರಾಯ ಎಂಬುದು ಹೇಗೆ ಹುಟ್ಟುತ್ತದೆ, ಹೇಗೆ ಬದಲಾಗುತ್ತದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಹಿನ್ನೆಲೆ ಇಷ್ಟು. ಜಾರ್ಜ್ ಲೂಕಸ್ ಅವರ ‘ಸ್ಟಾರ್ ವಾರ್ಸ್’ ಮೊದಲು ತೆರೆ ಕಂಡದ್ದು 1977ರಲ್ಲಿ. ಕಪ್ಪು ಮುಖವಾಡದ ಖಳ ಡಾರ್ತ್ ವೇಡರ್ ಮನೆಮಾತಾದ. ಅವನು ಖಳನಾದದ್ದು ಹೇಗೆ ಎಂಬ ಹಿಂದಿನ ಕಥೆ 1999, 2002 ಮತ್ತು 2005ರ ಮೂರು ಚಿತ್ರಗಳಲ್ಲಿ ಬಂತು. ಅನಾಕಿನ್ ಸ್ಕೈವಾಕರ್ ಎಂಬ ಜೆಡೈ, ಅಂದರೆ ಸನ್ಯಾಸಿಯೂ ಯೋಧನೂ ಆದ ತರುಣ, ದಾರಿ ತಪ್ಪಿ ವೇಡರ್ ಆಗುತ್ತಾನೆ. ಎರಡನೆಯ ಚಿತ್ರದ ಕೊನೆಯಲ್ಲಿ ಯುದ್ಧ ಶುರುವಾಗುತ್ತದೆ. ಮೂರನೆಯದರಲ್ಲಿ ಮುಗಿಯುತ್ತದೆ. ನಡುವಿನ ಮೂರು ವರ್ಷಗಳ ಕಾಳಗ ದೊಡ್ಡ ತೆರೆಗೆ ಬರಲೇ ಇಲ್ಲ. ಅನಿಮೇಷನ್ ಸರಣಿ ನುಗ್ಗಿದ್ದು ಆ ಸಂದಿಯಲ್ಲಿ.

ಆರಂಭವೇ ಎಡವಟ್ಟಾಯಿತು. ಟೀವಿಗೆಂದು ಮಾಡಿದ ಕಂತುಗಳನ್ನು ನೋಡಿದ ಲೂಕಸ್ ಖುಷಿಯಾಗಿ, ಕೆಲವನ್ನು ಹೊಲಿದು 2008ರ ಆಗಸ್ಟ್‌ನಲ್ಲಿ ಚಿತ್ರಮಂದಿರಗಳಿಗೇ ಬಿಟ್ಟರು. ಹೊಲಿಗೆ ಎದ್ದು ಕಾಣುತ್ತಿತ್ತು. ಸುಮಾರು 85 ಲಕ್ಷ ಡಾಲರ್ ಖರ್ಚಿನ ಚಿತ್ರ ಆರೂವರೆ ಕೋಟಿ ಡಾಲರಿಗೂ ಹೆಚ್ಚು ತಂದದ್ದು ನಿಜ. ಹಣ ಬಂತು, ಹೆಸರು ಬರಲಿಲ್ಲ. ಹಿರಿಯ ವಿಮರ್ಶಕ ರೋಜರ್ ಈಬರ್ಟ್ ನಾಲ್ಕಕ್ಕೆ ಒಂದೂವರೆ ನಕ್ಷತ್ರ ಕೊಟ್ಟು ಕೈತೊಳೆದುಕೊಂಡರು. ಮುಖಗಳು ಮರದಲ್ಲಿ ಕೆತ್ತಿದಂತಿವೆ, ಗಡ್ಡ ಅಲುಗುವುದಿಲ್ಲ, ಸಂಗೀತದಲ್ಲಿ ಜಾನ್ ವಿಲಿಯಮ್ಸ್ ಅವರ ಕೈ ಇಲ್ಲ ಎಂದು ಪ್ರೇಕ್ಷಕರ ದೂರಿನ ಪಟ್ಟಿ ಬೆಳೆಯಿತು. ಮೊಗ ಕೊಯ್ದಂತಿರುವುದು ತಪ್ಪಲ್ಲ, ಬೊಂಬೆಯಾಟದ ಶೈಲಿಯನ್ನು ಬೇಕೆಂದೇ ತಂದದ್ದು ಎಂದು ನಿರ್ದೇಶಕ ಡೇವ್ ಫಿಲೋನಿ ಅವರ ಬಳಗ ಹೇಳಿದರೂ ಕೇಳುವವರು ಕಡಿಮೆ. ಇದೇ ಯುದ್ಧದ ಬಗ್ಗೆ 2003ರಿಂದ 2005ರವರೆಗೆ ಗೆಂಡಿ ಟಾರ್ಟಕೋವ್‌ಸ್ಕಿ ಕೈಬರಹದ ಕಿರುಚಿತ್ರಮಾಲೆ ಮಾಡಿ ಎಮ್ಮಿ ಪ್ರಶಸ್ತಿ ಪಡೆದಿದ್ದರು. ಅದನ್ನು ಮೆಚ್ಚಿದ್ದವರಿಗಂತೂ ಹೊಸದು ಸವತಿಯ ಮಗುವಿನಂತೆ ಕಂಡಿತು.

ಎಲ್ಲಕ್ಕಿಂತ ಹೆಚ್ಚು ಬೈಗುಳ ತಿಂದವಳು ಅಸೋಕಾ ಟಾನೋ. ಹದಿನಾಲ್ಕರ ಹುಡುಗಿ, ಅನಾಕಿನ್‌ನ ಶಿಷ್ಯೆ. ಗುರುವನ್ನು ‘ಸ್ಕೈಗೈ’ ಎಂದು ಅಡ್ಡಹೆಸರಿಟ್ಟು ಕರೆಯುತ್ತಾಳೆ, ಹೇಳಿದ ಮಾತು ಕೇಳುವುದಿಲ್ಲ, ವಟವಟ ನಿಲ್ಲಿಸುವುದಿಲ್ಲ. ಅಭಿಮಾನಿಗಳ ಆಕ್ಷೇಪದಲ್ಲಿ ತರ್ಕವೂ ಇತ್ತು. ಅನಾಕಿನ್‌ಗೆ ಶಿಷ್ಯೆಯೊಬ್ಬಳು ಇದ್ದಿದ್ದರೆ 2005ರ ಚಿತ್ರದಲ್ಲಿ ಒಬ್ಬರಾದರೂ ಅವಳ ಹೆಸರೆತ್ತಬೇಕಿತ್ತಲ್ಲ? ಮಕ್ಕಳಿಗೆ ಬೊಂಬೆ ಮಾರಲು ತುರುಕಿದ ಪಾತ್ರ ಎಂದು ಷರಾ ಬರೆದು ಎಷ್ಟೋ ಮಂದಿ ಎದ್ದುಹೋದರು.

ಕೂತವರಿಗೆ ಬೇರೆಯೇ ಕಥೆ ಕಂಡಿತು. 2008ರ ಅಕ್ಟೋಬರ್‌ನಿಂದ ಕಾರ್ಟೂನ್ ನೆಟ್‌ವರ್ಕ್‌ನಲ್ಲಿ ಕಂತುಗಳು ಬರತೊಡಗಿದವು. ವರ್ಷ ಕಳೆದಂತೆ ಹುಡುಗಿ ಬೆಳೆದಳು. ಮಾತು ತೂಕದ್ದಾಯಿತು, ಸೋಲು ಪಾಠ ಕಲಿಸಿತು. ಆಗ ಪ್ರೇಕ್ಷಕರಿಗೆ ಒಂದು ವಿಷಯ ಹೊಳೆಯಿತು. ಈ ಕಥೆಯಲ್ಲಿ ಅನಾಕಿನ್ ಏನಾಗುತ್ತಾನೆ ಎಂಬುದು ಗೊತ್ತು. ಅವನ ಗುರು ಓಬಿ-ವಾನ್ ಏನಾಗುತ್ತಾನೆ ಎಂಬುದೂ ಗೊತ್ತು. ಯುದ್ಧ ಗೆಲ್ಲುವವರು ಯಾರೆಂಬುದಂತೂ 1977ರಿಂದಲೇ ಗೊತ್ತು. ಗೊತ್ತಿಲ್ಲದ್ದು ಒಂದೇ: ಅಸೋಕಾಳ ಗತಿ. ಚಿತ್ರದಲ್ಲಿ ಅವಳ ಹೆಸರಿಲ್ಲ ಎಂಬ ಯಾವ ಮಾತು ಆಕ್ಷೇಪವಾಗಿತ್ತೋ ಅದೇ ಈಗ ಆತಂಕವಾಯಿತು. ಹೆಸರೇ ಇಲ್ಲ ಎಂದರೆ ಅವಳಿಗೇನಾದರೂ ಆಯಿತೇ? ಬೇಡವಾಗಿದ್ದ ಪಾತ್ರವೇ ಇಡೀ ಸರಣಿಯನ್ನು ಹೊತ್ತುಕೊಂಡಿತು.

ಇನ್ನೊಂದು ಅಚ್ಚರಿ ಸೈನಿಕರದು. ಒಬ್ಬನೇ ಮನುಷ್ಯನಿಂದ ಪಡಿಯಚ್ಚು ತೆಗೆದ ಲಕ್ಷಾಂತರ ತದ್ರೂಪಿಗಳ ಸೇನೆ ಅದು. ಎಲ್ಲರಿಗೂ ಒಂದೇ ಮುಖ, ಡೀ ಬ್ರಾಡ್ಲಿ ಬೇಕರ್ ಎಂಬ ಒಬ್ಬನೇ ಕಲಾವಿದನ ಧ್ವನಿ. ಚಲನಚಿತ್ರಗಳಲ್ಲಿ ಅವರು ಬರೀ ಲೆಕ್ಕದ ತಲೆಗಳು. ಸರಣಿ ಅವರಿಗೆ ರೆಕ್ಸ್, ಫೈವ್ಸ್, ಎಕೋ ಎಂದು ಹೆಸರಿಟ್ಟಿತು. 2011ರ ‘ಉಂಬರಾ’ ಕಂತುಗಳಲ್ಲಿ ದ್ರೋಹಿ ಸೇನಾಪತಿಯೊಬ್ಬ ಸುಳ್ಳು ಹೇಳಿ ಒಂದು ತುಕಡಿಯನ್ನು ಇನ್ನೊಂದರ ಮೇಲೆ ಛೂ ಬಿಡುತ್ತಾನೆ. ಕತ್ತಲಲ್ಲಿ ಗುಂಡು ಹಾರುತ್ತದೆ. ಸತ್ತ ಶತ್ರುವಿನ ಶಿರಸ್ತ್ರಾಣ ತೆಗೆದರೆ ಒಳಗಿರುವುದು ತಮ್ಮದೇ ಮುಖ! ಮಕ್ಕಳ ಕಾರ್ಟೂನು ಎಂದು ಪಕ್ಕದಲ್ಲಿ ಕುಳಿತಿದ್ದ ದೊಡ್ಡವರು ಸುಮ್ಮನಾದದ್ದು ಇಂಥ ಕಡೆ.

ಹಾಗೆಂದು ಎಲ್ಲರೂ ಎಲ್ಲಕ್ಕೂ ಸೈ ಎನ್ನಲಿಲ್ಲ. ಕಂತುಗಳು ಕಾಲಾನುಕ್ರಮದಲ್ಲಿ ಬರಲಿಲ್ಲ. ಇವತ್ತು ಸತ್ತವನು ಮುಂದೊಂದು ದಿನ ಎದ್ದು ಓಡಾಡುತ್ತಿದ್ದ. ಕೊನೆಗೆ ಯಾವುದರ ಹಿಂದೆ ಯಾವುದು ಎಂದು ನಿರ್ಮಾಪಕರೇ ಪಟ್ಟಿ ಹೊರಡಿಸಬೇಕಾಯಿತು. 1999ರ ಚಿತ್ರದಲ್ಲಿ ಎರಡು ತುಂಡಾಗಿ ಬಾವಿಗೆ ಬಿದ್ದ ಡಾರ್ತ್ ಮಾಲ್‌ನನ್ನು 2012ರಲ್ಲಿ ಮತ್ತೆ ಎಬ್ಬಿಸಿದ್ದು ಇಂದಿಗೂ ಜಗಳದ ವಿಷಯ. ಸೈನಿಕರ ಮಿದುಳಿನಲ್ಲಿ ಚಿಪ್ ಇತ್ತು, ಅದರಿಂದಲೇ ಅವರು ಜೆಡೈಗಳನ್ನು ಕೊಂದರು ಎಂಬ ವಿವರಣೆಯೂ ಅಷ್ಟೇ. ಇದರಿಂದ ದುರಂತ ಹೆಚ್ಚಿತು ಎಂದು ಕೆಲವರು ಹೇಳಿದರೆ, ಪಾಪದ ಹೊರೆ ಇಳಿಸಿಬಿಟ್ಟರು ಎಂದು ಕೆಲವರು ಮೂಗು ಮುರಿದರು.

2013ರ ಮಾರ್ಚ್ 2ರಂದು ಐದನೆಯ ಭಾಗದ ಕೊನೆಯ ಕಂತು ಬಂತು. ಮಾಡದ ತಪ್ಪಿಗೆ ಮಠದಿಂದ ಹೊರಹಾಕಿಸಿಕೊಂಡ ಅಸೋಕಾ ನಿರ್ದೋಷಿ ಎಂದು ಸಾಬೀತಾಗುತ್ತದೆ. ‘ಮರಳಿ ಬಾ’ ಎನ್ನುತ್ತಾರೆ ಹಿರಿಯರು. ಅವಳು ಒಲ್ಲೆ ಎಂದು ಮೆಟ್ಟಿಲಿಳಿದು ನಡೆದುಬಿಡುತ್ತಾಳೆ. ಐದು ವರ್ಷದ ಹಿಂದೆ ಇವಳು ಹೋದರೆ ಸಾಕು ಎಂದಿದ್ದವರೇ ಈಗ ಕಣ್ಣೊರೆಸಿಕೊಂಡರು. ಅದೇ ತಿಂಗಳು ಬರಸಿಡಿಲು ಬಡಿಯಿತು. ಹಿಂದಿನ ವರ್ಷವಷ್ಟೇ ಲೂಕಸ್‌ಫಿಲ್ಮ್ ಸಂಸ್ಥೆಯನ್ನು ಡಿಸ್ನಿ 400 ಕೋಟಿ ಡಾಲರಿಗೂ ಹೆಚ್ಚು ಕೊಟ್ಟು ಕೊಂಡಿತ್ತು. ಸರಣಿಗೆ ಮಂಗಳ ಹಾಡುವ ಪ್ರಕಟಣೆ ಹೊರಬಿತ್ತು. ಕಥೆ ಮಾತ್ರ ಅರ್ಧದಲ್ಲೇ ಇತ್ತು.

ಅಭಿಮಾನಿಗಳು ‘ಕ್ಲೋನ್ ವಾರ್ಸ್ ಉಳಿಸಿ’ ಎಂದು ಹಟ ಹಿಡಿದರು. ಸಿದ್ಧವಾಗಿದ್ದ 13 ಕಂತುಗಳು 2014ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದವು. ಮುಂದಿನ ಸರಣಿ ‘ರೆಬೆಲ್ಸ್’ನಲ್ಲಿ ಅಸೋಕಾ ದೊಡ್ಡವಳಾಗಿ ಕಾಣಿಸಿಕೊಂಡಳು. ಬದುಕಿದ್ದಾಳೆ ಎಂದಾಯಿತು, ಬದುಕಿದ್ದು ಹೇಗೆಂದು ತಿಳಿಯಲಿಲ್ಲ. ಕೂಗು ನಿಲ್ಲಲಿಲ್ಲ. 2018ರ ಜುಲೈನಲ್ಲಿ ಸ್ಯಾನ್ ಡಿಯಾಗೋದ ಕಾಮಿಕ್-ಕಾನ್ ಮೇಳದಲ್ಲಿ ಉತ್ತರ ಸಿಕ್ಕಿತು. ಹೊಸ ಕಂತುಗಳ ತುಣುಕಿನ ಕೊನೆಗೆ, ಸರಣಿ ಉಳಿಯಿತು ಎಂಬ ಘೋಷಣೆ. 2020ರ ಮೇ 4ರಂದು ಒಟ್ಟು 133 ಕಂತುಗಳಿಗೆ ತೆರೆಬಿತ್ತು.

ಅಭಿಪ್ರಾಯ ಬದಲಾದದ್ದು ಏಕೆ? ಸರಣಿ ತಿದ್ದಿಕೊಂಡಿತು, ಚಿತ್ರಿಕೆ ಸುಧಾರಿಸಿತು ಎನ್ನುವುದು ಅರ್ಧ ಉತ್ತರ. ಉಳಿದರ್ಧ ಪ್ರೇಕ್ಷಕರ ಕಡೆಯದು. 2008ರಲ್ಲಿ ಎಂಟು ವರ್ಷದವನಾಗಿದ್ದ ಹುಡುಗ 2020ರಲ್ಲಿ ಇಪ್ಪತ್ತರ ತರುಣ. ಅಸೋಕಾ ಅವನ ಜೊತೆಯಲ್ಲೇ ಬೆಳೆದಳು. ಹಳೆಯ ಅಭಿಮಾನಿಗಳಿಗೆ ಅವಳು ಹೊಸಬಳಾಗಿದ್ದರೆ, ಇವನಿಗೆ ಅವಳೇ ಹಳಬಳು. ಒಂದೂವರೆ ಗಂಟೆಯ ಚಿತ್ರ ನೋಡಿ ಎದ್ದುಹೋದವರ ಟೀಕೆ ಸುಳ್ಳಾಗಿರಲಿಲ್ಲ. ಅದು ಆ ಒಂದೂವರೆ ಗಂಟೆಗೆ ಮಾತ್ರ ಸರಿಯಾಗಿತ್ತು. ಪಾತ್ರವೊಂದು ಬೆಳೆಯಲು ಹಿಡಿಯುವ ಕಾಲವನ್ನು ಅವರು ಕೊಡಲಿಲ್ಲ, ಅಷ್ಟೇ.

ಕೊನೆಯ ಕಂತಿನಲ್ಲಿ ಒಂದು ದೃಶ್ಯವಿದೆ. ಅಸೋಕಾಳ ಮೇಲಿನ ಗೌರವದಿಂದ ಸೈನಿಕರು ತಮ್ಮ ಶಿರಸ್ತ್ರಾಣಗಳಿಗೆ ಅವಳ ಮುಖದ ಗುರುತುಗಳನ್ನು ಬಳಿದುಕೊಂಡಿರುತ್ತಾರೆ. ಆ ಸೈನಿಕರೆಲ್ಲ ಈಗ ಮಣ್ಣಿನಡಿ. ವರ್ಷಗಳ ನಂತರ ಹಿಮ ಬಿದ್ದ ಆ ಜಾಗಕ್ಕೆ ವೇಡರ್ ಬರುತ್ತಾನೆ. ಬಿದ್ದಿದ್ದ ಶಿಷ್ಯೆಯ ಕತ್ತಿಯನ್ನು ಎತ್ತಿಕೊಂಡು ಮಾತಿಲ್ಲದೆ ಹೊರಟುಹೋಗುತ್ತಾನೆ. ಒಂದು ಶಿರಸ್ತ್ರಾಣದ ಗಾಜಿನಲ್ಲಿ ಅವನ ನೆರಳು ಸಣ್ಣದಾಗುತ್ತಾ ಮರೆಯಾಗುತ್ತದೆ. ಮುಖಗಳು ಮರದ ಕೆತ್ತನೆಯಂತಿವೆ ಎಂಬ ದೂರಿನೊಂದಿಗೆ ಶುರುವಾದ ಸರಣಿ ಮುಗಿದದ್ದು ಮುಖವಾಡವೊಂದರ ಮೇಲೆ. ಅದರ ಹಿಂದೆ ದುಃಖವಿದೆ ಎಂದು ಆಗ ಯಾರೂ ಯಾರಿಗೂ ಹೇಳಿಕೊಡಬೇಕಾಗಲಿಲ್ಲ.